ಎರಡು ಸಲ ಮುಚ್ಚಿದರೆ ಹೌದು

ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು, ಊರಿನ ಅರ್ಧ ಜನಕ್ಕೆ ದಾರಿ ತೋರಿಸಿ ಉಳಿದರ್ಧಕ್ಕೆ ದಾರಿ ತಪ್ಪಿಸಿದವಳು ಎನ್‌ಕ್ವೈರಿ ಅಕ್ಕ. ಕೇಳಿದ್ದನ್ನೇ ಮತ್ತೆ ಕೇಳಿದವರಿಗೆ ಅವಳ ನಾಲಿಗೆಯಿಂದ ಬಿಡುಗಡೆ ಇರಲಿಲ್ಲ. "ಕಿವೀನೂ ಲಗೇಜ್ ಜೊತೆ ಬಸ್ಸಿನ ಮೇಲೆ ಹಾಕಿದ್ದೀಯೇನಪ್ಪಾ?" ಅನ್ನುತ್ತಿದ್ದಳು. ಹೋದ ವರ್ಷ ಸ್ಟ್ರೋಕ್ ಹೊಡೆದಾಗ ಮೈಯ ಜೊತೆ ಆ ನಾಲಿಗೆಯೂ ಮಲಗಿತು. ಉಳಿದದ್ದು ಎರಡು ರೆಪ್ಪೆ. ಆಸ್ಪತ್ರೆಯವರು ಅದಕ್ಕೊಂದು ಭಾಷೆ ಕಲಿಸಿ ಕಳಿಸಿದ್ದರು: ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ದಪ್ಪಕ್ಷರದಲ್ಲಿ ಹಾಗೆ ಬರೆದ ರಟ್ಟು ಮಂಚದ ಎದುರಿನ ಗೋಡೆಗೆ ಅಂಟಿಕೊಂಡಿತ್ತು.

ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಅಕ್ಕನನ್ನು ನೋಡಿಕೊಳ್ಳುವವಳು ಒಂದು ಕಂಪನಿಯಿಂದ ಬಂದವಳು. 'ನಗುಮುಖದ ಆರೈಕೆ' ಎಂದು ಅವಳ ಕೋಟಿನ ಮೇಲೆಯೇ ಹೊಲಿದಿತ್ತು. ಅಕ್ಕ ಮನಸ್ಸಿನಲ್ಲೇ ಅವಳಿಗೆ ನಗುಮುಖ ಎಂದು ಹೆಸರಿಟ್ಟಿದ್ದಳು. ಮುಖದ ಮೇಲಿನ ನಗು ಮಾಸುತ್ತಿರಲಿಲ್ಲ, ಚಿವುಟುವಾಗಲೂ. ಚಿವುಟುತ್ತಿದ್ದದ್ದು ತೋಳಿನ ಒಳಗೆ, ನೈಟಿ ಮುಚ್ಚುವಷ್ಟು ಜಾಗದಲ್ಲಿ ಮಾತ್ರ. ಹಾಲು, ಸೂಪು ಎಲ್ಲ ಆರಿದ ಮೇಲೆ ಬರುತ್ತಿತ್ತು. ಆರಿದ್ದನ್ನು ಕೊಡುವುದಕ್ಕೇ ಆರೈಕೆ ಅನ್ನುತ್ತಾರೇನೋ ಎಂದುಕೊಂಡಿದ್ದಳು ಅಕ್ಕ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಕಂಪನಿಯ ನಿಯಮ. ನಗುಮುಖ ತಪ್ಪದೆ ಬದಲಿಸುತ್ತಿದ್ದಳು, ತನ್ನ ಮಗ್ಗುಲನ್ನು, ಸೋಫಾದ ಮೇಲೆ. ಅಕ್ಕನ ಬೆನ್ನಿನ ಹುಣ್ಣು ಈಗ ಬಟ್ಟಲಿನಷ್ಟಾಗಿತ್ತು.

ಆರು ತಿಂಗಳಿಗೊಮ್ಮೆ ಕಂಪನಿಯಿಂದ ಗುಣಮಟ್ಟದ ತಪಾಸಣೆಯವನು ಬರುತ್ತಾನೆ, ಆರೈಕೆಯವಳನ್ನು ಬದಲಾಯಿಸಬೇಕೇ ಎಂದು ಕೇಳುತ್ತಾನೆ, ಹೌದು ಎಂದರೆ ಮಾರನೆಯ ದಿನವೇ ಬೇರೆಯವಳು ಬರುತ್ತಾಳೆ. ತಮ್ಮನ ಹೆಂಡತಿ ಆ ಕಾಗದವನ್ನು ಗಂಡನಿಗೆ ಓದಿ ಹೇಳಿದ್ದು ಅಕ್ಕನ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವಳು ಬದುಕಿದ್ದೇ ಆ ಒಂದು ಪ್ರಶ್ನೆಗಾಗಿ.

ಆ ದಿನ ಬೆಳಿಗ್ಗೆ ನಗುಮುಖ ಮೊದಲು ಮಾಡಿದ ಕೆಲಸ ಗೋಡೆಯ ರಟ್ಟನ್ನು ಕಿತ್ತು ತನ್ನ ಚೀಲಕ್ಕೆ ಸೇರಿಸಿದ್ದು. "ಗೋಡೆ ಒರೆಸ್ಬೇಕು ಅಕ್ಕಾ, ದೊಡ್ಡೋರು ಬರ್ತಾರೆ," ಎಂದಳು. ಗೋಡೆ ಒರೆಸಲಿಲ್ಲ.

ಹನ್ನೊಂದಕ್ಕೆ ಗುಣಮಟ್ಟದವನು ಬಂದ. ಗುಣವೂ ಅಷ್ಟಕ್ಕಷ್ಟೆ, ಮಟ್ಟವೂ ಅಷ್ಟಕ್ಕಷ್ಟೆ ಎಂದು ಅಕ್ಕ ನೋಡಿದ ಕೂಡಲೇ ತೀರ್ಮಾನಿಸಿದಳು. ನಗುಮುಖ ಅವನನ್ನು ಬಾಗಿಲಾಚೆ ನಿಲ್ಲಿಸಿಕೊಂಡು ಏನೋ ಪಿಸುಗುಟ್ಟಿ ಕಣ್ಣು ಮಿಟುಕಿಸಿ ತೋರಿಸಿದಳು. ಅವನು ತಲೆಯಾಡಿಸುತ್ತಾ ಒಳಬಂದು ಕುರ್ಚಿಯಲ್ಲಿ ಕೂತ.

"ಚಾದರ ಎತ್ತಿ ನೋಡ್ಬೇಕಾ ಸಾರ್?" ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಕೇಳಿದಳು.

"ಛೆ ಛೆ, ಗ್ರಾಹಕರ ಮರ್ಯಾದೆ ಮುಖ್ಯ. ನಾವು ಮುಟ್ಟೋ ಹಾಗಿಲ್ಲ." ಅವನು ಟ್ಯಾಬ್ ತೆರೆದ. "ಅಮ್ಮಾ, ಈ ಸೇವೆಯಿಂದ ನಿಮಗೆ ತೃಪ್ತಿ ಇದೆಯಾ?"

ಅಕ್ಕ ಎರಡು ಸಲ ಕಣ್ಣು ಮುಚ್ಚಿದಳು.

"ಹೌದು. ತುಂಬಾ ಸಂತೋಷ," ಎನ್ನುತ್ತಾ ಅವನು ಬೆರಳಾಡಿಸಿದ. ಆಮೇಲೆ ಬಾಗಿಲ ಕಡೆ ತಿರುಗಿ, "ಎರಡು ಸಲ ಅಂದ್ರೆ ಹೌದೇ ಅಲ್ವಾ?" ಎಂದ.

"ಅವಳು ಹೇಳಿದ್ಮೇಲೆ ಮುಗೀತು ಸಾರ್. ಅತ್ತಿಗೆ ಭಾಷೆ ಅವಳಿಗೇ ಗೊತ್ತು," ಎಂದಳು ತಮ್ಮನ ಹೆಂಡತಿ. ಅತ್ತಿಗೆ ಮನೆಗೆ ಬಂದಾಗಿನಿಂದ ಅವರನ್ನು ಒಂದು ಪ್ರಶ್ನೆಯನ್ನೂ ಕೇಳದವಳು, ಗೋಡೆಯ ರಟ್ಟನ್ನೂ ಓದದವಳು ಅವಳು.

ಅಕ್ಕನಿಗೆ ರಟ್ಟು ಯಾಕೆ ಚೀಲ ಸೇರಿತೆಂದು ಅರ್ಥವಾಯಿತು. ಅವಳ ಹೌದು ಇಲ್ಲವಾಗಿತ್ತು, ಇಲ್ಲ ಹೌದಾಗಿತ್ತು. ಆದರೆ ಮೂವತ್ತೊಂದು ವರ್ಷ ಕೌಂಟರಿನಲ್ಲಿ ಕೂತವಳಿಗೆ ಬೋರ್ಡು ಬದಲಾದ ಬಸ್ಸು ಹೊಸದೇನಲ್ಲ. ಬದಲಾದ ಬೋರ್ಡನ್ನೇ ಓದಿದರಾಯಿತು.

"ಇವಳು ನಿಮಗೆ ಹೊಡೆಯೋದು, ಚಿವುಟೋದು ಏನಾದ್ರೂ ಮಾಡಿದ್ದಾಳಾ?"

ಅಕ್ಕ ಎರಡು ಸಲ ಮುಚ್ಚಿದಳು.

ಅವನ ಬೆರಳು ಗಾಳಿಯಲ್ಲೇ ನಿಂತಿತು. "ಹೌದು?" ನಗುಮುಖದ ನಗು ಆ ಕೋಣೆಯಲ್ಲಿ ಮೊದಲ ಸಲ ಜಾರಿತು. ಅದನ್ನು ನೋಡಿ ಅಕ್ಕನಿಗೆ ಹೊಟ್ಟೆ ತುಂಬ ಬಿಸಿ ಊಟ ಮಾಡಿದಂತಾಯಿತು.

"ಇವಳನ್ನ ಬದಲಾಯಿಸ್ಬೇಕಾ?"

ಎರಡು ಸಲ. ನಿಧಾನವಾಗಿ, ಒಂದು ಅನುಮಾನವೂ ಉಳಿಯದ ಹಾಗೆ.

"ಬದಲಾಯಿಸ್ಬೇಕು," ಎಂದು ಅವನು ಒತ್ತಿದ. "ಇನ್ನೊಂದೇ ಒಂದು ಇದೆ. ಅಮ್ಮಾ, ಈ ಸೇವೆಯಿಂದ ನಿಮಗೆ ತೃಪ್ತಿ ಇದೆಯಾ?"

ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದ. ಕೌಂಟರಿನ ಹಳೆಯ ಸಿಟ್ಟು ಅಕ್ಕನ ನೆತ್ತಿಗೇರಿತು. ಕಣ್ಣನ್ನು ಒಂದೇ ಸಲ, ಬಾಗಿಲು ಬಡಿದಂತೆ ಮುಚ್ಚಿ ತೆರೆದಳು.

"ಇಲ್ಲ," ಎಂದು ಓದಿಕೊಂಡ ಅವನು ಮೇಲಕ್ಕೆ ಸರಿಸಿ ನೋಡಿ ನಿಟ್ಟುಸಿರು ಬಿಟ್ಟ. "ಮೊದಲು ಹೌದು ಅಂದಿದ್ರು. ನೋಡಿ ಮೇಡಂ, ಪ್ರಜ್ಞೆ ಪರೀಕ್ಷೆಗೆ ಅಂತ್ಲೇ ಮೊದಲ್ನೇ ಪ್ರಶ್ನೆ ಕೊನೇಲಿ ಮತ್ತೆ ಕೇಳೋದು. ಎರಡೂ ತಾಳೆ ಆಗ್ಲಿಲ್ಲ ಅಂದ್ರೆ ಇವ್ರಿಗೆ ಪ್ರಶ್ನೆ ಅರ್ಥ ಆಗ್ತಿಲ್ಲ ಅಂತ. ಉತ್ತರ ಎಲ್ಲ ಕ್ಯಾನ್ಸಲ್. ಮುಂದಿನ ಸಲದಿಂದ ಇವ್ರನ್ನ ಕೇಳೋ ಹಾಗೂ ಇಲ್ಲ."

"ನಾನು ಆವಾಗ್ಲೇ ಅಂದ್ಕೊಂಡೆ," ಎಂದಳು ತಮ್ಮನ ಹೆಂಡತಿ. "ಪಾಪ, ಚಿವುಟ್ತಾಳೆ ಅಂತ ಇವಳ ಮೇಲೆ ಹೇಳ್ಬಿಟ್ರಲ್ಲ."

"ಬೇಜಾರಿಲ್ಲ ಮೇಡಂ," ಎಂದಳು ನಗುಮುಖ. ನಗು ವಾಪಸು ಬಂದು ತನ್ನ ಜಾಗದಲ್ಲಿ ಕೂತಿತ್ತು. "ಅವ್ರು ಬೇಕು ಅಂತ ಹೇಳ್ತಾರಾ? ನಮ್ಮಮ್ಮನ ಥರ."

ಅಕ್ಕ ರೆಪ್ಪೆ ಬಡಿದಳು. ಒಂದು, ಎರಡು, ಒಂದು, ಎರಡು. ಯಾವ ಬೋರ್ಡು ಹಾಕಿದರೂ ಸರಿ, ಒಬ್ಬರಾದರೂ ಹತ್ತಲಿ ಎಂದು.

"ನೋಡಿ, ಅರ್ಥಾನೇ ಇಲ್ಲ," ಎಂದ ಗುಣಮಟ್ಟದವನು. ರದ್ದಾದ ಉತ್ತರಗಳನ್ನು ನಿಯಮದ ಪ್ರಕಾರ ಆರೈಕೆಯವಳಿಂದಲೇ ತುಂಬಿಸಿಕೊಂಡ. ತೃಪ್ತಿ: ಹೌದು. ಹೊಡೆತ: ಇಲ್ಲ. ಬದಲಾವಣೆ: ಬೇಡ. ಎರಡನೆ ಸಲ ಕೇಳಿದಾಗಲೂ ತೃಪ್ತಿ: ಹೌದು. ಎಲ್ಲ ತಾಳೆಯಾಯಿತು. ತಮ್ಮನ ಹೆಂಡತಿ ಕೆಳಗೆ ಸಹಿ ಹಾಕಿದಳು.

"ಆಫೀಸಿನ ಬೋರ್ಡಿಗೆ ಒಂದು ಫೋಟೋ ಬೇಕಮ್ಮಾ. ಏನಾದ್ರೂ ಆರೈಕೆ ಮಾಡ್ತಿರೋ ಹಾಗೆ ನಿಂತ್ಕೋ."

ನಗುಮುಖ ಒಂದು ಕ್ಷಣ ಯೋಚಿಸಿದಳು. ಬೋಗುಣಿಯಲ್ಲಿ ಬಟ್ಟೆ ಅದ್ದಿ, ಹಿಂಡಿ, ನಾಲ್ಕು ಮಡಿಕೆ ಮಾಡಿ ಅಕ್ಕನ ಕಣ್ಣುಗಳ ಮೇಲೆ ಹಾಸಿದಳು.

"ಎಷ್ಟು ಮಾತಾಡಿದ್ರಿ ಅಕ್ಕಾ ಇವತ್ತು," ಎಂದಳು. "ಕಣ್ಣು ದಣಿದಿರತ್ತೆ. ಇನ್ಮೇಲೆ ದಿನಾ ಹೀಗೇ ಹಾಕ್ತೀನಿ."

"ಎಂಥಾ ಮುತುವರ್ಜಿ ನೋಡಿ ಸಾರ್," ಎಂದಳು ತಮ್ಮನ ಹೆಂಡತಿ.

ಕ್ಯಾಮೆರಾ ಕ್ಲಿಕ್ಕೆಂದಿತು. ತಲೆ ಸವರುವ ಕೈ ಫೋಟೋದಲ್ಲಿ ಚೆನ್ನಾಗಿ ಬಂತು. ಚಾದರದೊಳಗೆ ತೋಳನ್ನು ಹುಡುಕುತ್ತಿದ್ದ ಇನ್ನೊಂದು ಕೈ ಕಾಣಲಿಲ್ಲ. ಒದ್ದೆ ಬಟ್ಟೆಯ ಅಡಿಯಲ್ಲಿ ಅಕ್ಕ ಎರಡು ಸಲ ಕಣ್ಣು ಮುಚ್ಚಿದಳು.