ನನ್ನ ತಮ್ಮ ‘ನಾನು’ ಅಂದ ದಿನ

ನನ್ನ ತಮ್ಮ ಸುಬ್ರಮಣಿಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ. ಅವನಿಗೆ ಆರು ವರ್ಷವಿದ್ದಾಗ ಅವ್ವ ಹೋದಳು, ಆಗ ನನಗೆ ಹದಿನಾಲ್ಕು. ಅಂದಿನಿಂದ ಅವನ ಬಾಯಿ ನಾನೇ. ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ, ಡಾಕ್ಟರ ಮುಂದೆ, ಅವನಿಗೇನು ಬೇಕು ಎಂದು ಯಾರಾದರೂ ಕೇಳುವಷ್ಟರಲ್ಲಿ ನಾನು ಹೇಳಿ ಮುಗಿಸಿರುತ್ತಿದ್ದೆ. “ಕೂಸು ಹುಟ್ಟೋಕ್ ಮುಂಚೇನೇ ಕುಲಾವಿ ಹೊಲೀತೀಯಲ್ಲೇ ಮಂಗಳಾ” ಎಂದು ನನ್ನ ಗಂಡ ಚಲಪತಿ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ತಮ್ಮನನ್ನು ಯಾರಾದರೂ ‘ಮೂಗ’ ಅಂದರೆ ಅವರ ಮನೆ ಬಾಗಿಲಿಗೇ ಹೋಗಿ ಜಗಳ ಕಾಯ್ದವಳು ನಾನು. ಆ ಹೆಮ್ಮೆ ನನಗೇನೂ ಕಡಿಮೆ ಇರಲಿಲ್ಲ.

ನಮ್ಮ ತವರು ಜವಳಗಿರಿ. ಹೊಲ ಕಾಡಿಗೆ ಅಂಟಿಕೊಂಡಿದೆ, ರಾಗಿ ತೆನೆ ಬಲಿತಿತೆಂದರೆ ಆನೆ ಬಂದೇ ಬರುತ್ತದೆ. ಅಪ್ಪ ಮುತ್ತರಾಯಪ್ಪ ಮರದ ಬುಡದಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತಿದ್ದ. ಸುಬ್ರಮಣಿ ಮರದ ಮೇಲಿನ ಅಟ್ಟಣೆಯಲ್ಲಿ ಮಲಗುತ್ತಿದ್ದ. ಕೂಗಿದರೆ ಕೇಳದ ಮಗನಿಗೆ ಅಪ್ಪ ಒಂದು ಉಪಾಯ ಮಾಡಿದ್ದ: ಉದ್ದದ ಹುರಿಯ ಒಂದು ತುದಿ ತನ್ನ ಕೈಗೆ, ಇನ್ನೊಂದು ತುದಿ ಮಗನ ಮಣಿಕಟ್ಟಿಗೆ. ಅಪ್ಪ ಎಳೆದರೆ ಇವನು ಎದ್ದು ತಗಡು ಬಾರಿಸಬೇಕು. ತಗಡು ಬಾರಿಸುವುದರಲ್ಲಿ ಅವನನ್ನು ಮೀರಿಸಿದವರು ಸುತ್ತಿನಲ್ಲಿ ಇರಲಿಲ್ಲ. ತನಗೆ ಕೇಳಿಸದ ಸದ್ದಿಗೆ ಅಷ್ಟು ದೊಡ್ಡ ಆನೆ ಓಡುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬೆಳಗಾದರೆ ಸ್ನಾನ ಮಾಡಿ ಹೊಸೂರಿನ ಫ್ಯಾಕ್ಟರಿಗೆ ಹೋಗುತ್ತಿದ್ದ. ಅಲ್ಲಿ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಅವನಂತೆ ಕಿವಿ ಕೇಳದ ಗೆಳೆಯರು ನಾಲ್ವರಿದ್ದರು.

ಕಳೆದ ಸುಗ್ಗಿಗೆ ಮುಂಚೆ ಒಂದು ಬೆಳಗಿನ ಜಾವ ಆನೆ ಬಂತು. ಅಪ್ಪ ಉಳಿಯಲಿಲ್ಲ. ಸುಬ್ರಮಣಿ ಬೆಳಕು ಹರಿದ ಮೇಲೆ ಎದ್ದು, ಜನ ಸೇರಿದ್ದನ್ನು ನೋಡಿ ಕೆಳಗಿಳಿದ.

ಮಣ್ಣು ಮಾಡಿದ ಮೇಲೆ ಅವನನ್ನು ಕೆಲಮಂಗಲದ ನಮ್ಮ ಮನೆಗೆ ಕರೆತಂದೆ. ಅವನು ಕೆಲಸಕ್ಕೆ ಹೋಗಲಿಲ್ಲ. ಊಟ ಮುಟ್ಟಿದಂತೆ ಮಾಡಿ ತಟ್ಟೆ ಸರಿಸುತ್ತಿದ್ದ. ದಿನಕ್ಕೊಂದು ಸಲವಾದರೂ ನನ್ನ ಭುಜ ತಟ್ಟಿ ಆ ಬೆಳಗಿನ ವಿಷಯ ಕೇಳುತ್ತಿದ್ದ. ನಾನು ಅಂಗೈಯನ್ನು ಕೆಳಕ್ಕೆ ಒತ್ತುತ್ತಿದ್ದೆ. ನಮ್ಮ ಮನೆಯ ಸನ್ನೆಯಲ್ಲಿ ಅದಕ್ಕೆ ‘ಆಮೇಲೆ ಹೇಳ್ತೀನಿ’ ಎಂದರ್ಥ. ಅವ್ವ ಸತ್ತಾಗಲೂ ಹಾಗೇ ಮಾಡಿದ್ದೆವು, ಅವನಿಗೆ ನೋಡಿದ್ದ ಹೆಣ್ಣಿನ ಕಡೆಯವರು ಬೇಡವೆಂದಾಗಲೂ ಹಾಗೇ ಮಾಡಿದ್ದೆವು. ಕೆಟ್ಟ ಸುದ್ದಿ ಅವನಿಗ್ಯಾಕೆ ಎಂಬುದು ನಮ್ಮ ಪ್ರೀತಿ. ಈ ಸಲ ಬಾಯಿ ಮುಚ್ಚಿಕೊಂಡಿರಲು ನನಗೆ ಬೇರೊಂದು ಕಾರಣವೂ ಇತ್ತು.

ಮೂರನೆಯ ತಿಂಗಳು ಬಾವಿಕಟ್ಟೆಯ ಮೇಲೆ ಹತ್ತಿ ನಿಂತಿದ್ದವನನ್ನು ಚಲಪತಿ ಎಳೆದು ತಂದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಅವನ ಮುಖ ನೋಡಿಕೊಂಡೇ ಕೇಳಿದರು. ನಿದ್ದೆ ಬರುತ್ತಾ? ಭಯವಾಗುತ್ತಾ? ಮನಸ್ಸಿನಲ್ಲಿ ಏನು ಓಡುತ್ತೆ? ಎಲ್ಲದಕ್ಕೂ ನಾನೇ ಟಪಟಪ ಉತ್ತರ ಕೊಟ್ಟೆ. ನನ್ನ ಉತ್ತರಕ್ಕೆ ಸರಿಯಾದ ಮಾತ್ರೆಯನ್ನು ಅವರು ಬರೆದರು. ಸುಬ್ರಮಣಿ ಹಗಲೆಲ್ಲ ಮರದ ತುಂಡಿನಂತೆ ಬಿದ್ದಿರತೊಡಗಿದ. ತಪ್ಪು ಡಾಕ್ಟರದ್ದು ಅಂತ ಊರೆಲ್ಲ ಹೇಳಿಕೊಂಡು ಬಂದವಳೂ ನಾನೇ.

ಫ್ಯಾಕ್ಟರಿಯ ಗೆಳೆಯನೊಬ್ಬ ಬೈಕಿನಲ್ಲಿ ಬಂದು ಒಂದು ವಿಳಾಸ ಕೊಟ್ಟು ಹೋದ. ಹೊಸೂರಿನ ಆಲಸನತ್ತಂನಲ್ಲಿ ಸುಗುಣಾ ಎಂಬ ಹೆಂಗಸು, ಕಿವಿ ಕೇಳದವರ ಮನಸ್ಸಿನ ಕಷ್ಟ ನೋಡುವವಳು. ಅವಳಿಗೂ ಕಿವಿ ಕೇಳುವುದಿಲ್ಲವಂತೆ. “ಸರಿಹೋಯ್ತು” ಎಂದೆ ನಾನು. “ಇಷ್ಟು ದೊಡ್ಡ ಆಸ್ಪತ್ರೇಲಿ ಆಗ್ದಿದ್ದು ಅವಳಿಂದ ಆಯ್ತದಾ?”

“ನಿನ್ನಿಂದಾನೂ ಆಗಿಲ್ವಲ್ಲ, ನಡಿ” ಎಂದರು ಚಲಪತಿ.

ಶನಿವಾರ ಹೋದೆವು. ಹೊಲಿಗೆ ಅಂಗಡಿಯ ಮೇಲೊಂದು ಕೋಣೆ. ಸುಗುಣಾಗೆ ನನ್ನದೇ ವಯಸ್ಸು, ಸಾದಾ ಸೀರೆ, ಕೈಗೆ ಬಳೆಯಿಲ್ಲ. ಬಳೆಯಿದ್ದರೆ ನೋಡುವವರ ಕಣ್ಣು ಕೈಮಾತು ಬಿಟ್ಟು ಬಳೆಯ ಕಡೆ ಹೋಗುತ್ತದೆಂದು ಆಮೇಲೆ ತಿಳಿಯಿತು. ಅವಳು ಮೊದಲು ಮಾಡಿದ ಕೆಲಸ ಕುರ್ಚಿ ಎಳೆದದ್ದು. ಕಿಟಕಿಯ ಬೆಳಕು ಇಬ್ಬರ ಮುಖಕ್ಕೂ ಸಮನಾಗಿ ಬೀಳುವ ಹಾಗೆ ಎರಡು ಮೂರು ಸಲ ಸರಿಸಿ ನೋಡಿದಳು. ಎರಡನೆಯ ಕೆಲಸ, ನನ್ನನ್ನು ಹೊರಗೆ ಕಳಿಸಿದ್ದು.

ಅವಳ ಜೊತೆ ಕುಮಾರೇಶ್ ಎಂಬ ಗಂಡಸು ಇದ್ದ. ಕೃಷ್ಣಗಿರಿ ಕಡೆಯವನು. ಅವನಿಗೆ ಕಿವಿ ಕೇಳುತ್ತದೆ, ಆದರೆ ಅಪ್ಪ-ಅವ್ವ ಇಬ್ಬರಿಗೂ ಕೇಳುವುದಿಲ್ಲ. ಹಾಗಾಗಿ ಬಾಯಿಮಾತಿಗೆ ಮೊದಲು ಕೈಮಾತು ಕಲಿತವನು. “ಅಕ್ಕಾ, ನೀವು ಹೊರಗಡೆ ಕೂತ್ಕೊಳ್ಳಿ. ಕರೀತೀವಿ” ಎಂದ.

“ನಾನಿಲ್ದೆ ಅವನು ಮಾತಾಡಲ್ಲಪ್ಪ” ಎಂದೆ.

ಕುಮಾರೇಶ್ ಅದನ್ನು ಕೈಯಲ್ಲಿ ಹೇಳಿದ. ಸುಗುಣಾ ನಕ್ಕಳು, ಸುಬ್ರಮಣಿಯೂ ನಕ್ಕ. ನಾಲ್ಕು ತಿಂಗಳಿಂದ ನಗದವನು ನನ್ನ ಮಾತಿಗೇ ನಕ್ಕದ್ದನ್ನು ಕಂಡು ಮೈಯೆಲ್ಲ ಉರಿದುಹೋಯಿತು.

ಗಾಜಿನ ಬಾಗಿಲಿನಾಚೆ ಕೂತು ನೋಡಿದೆ. ನನ್ನ ತಮ್ಮನ ಕೈಗಳು ಅಷ್ಟು ವೇಗವಾಗಿ ಓಡುವುದನ್ನು ನಾನು ಕಂಡೇ ಇರಲಿಲ್ಲ. ಕೃಷ್ಣಗಿರಿಯ ಹಾಸ್ಟೆಲ್ ಶಾಲೆಯಲ್ಲಿ ಕಲಿತ ಭಾಷೆ ಅದು. ರಜೆಗೆ ಬಂದಾಗ ನಮಗೂ ಕಲಿಸಲು ನೋಡಿದ್ದ. ನಮಗೆ ಹೊಲದ ಕೆಲಸವಿತ್ತು, ಪುರುಸೊತ್ತಿರಲಿಲ್ಲ. ಸುಗುಣಾ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಫೋನು ಮುಟ್ಟಲಿಲ್ಲ, ಏನೂ ಬರೆದುಕೊಳ್ಳಲಿಲ್ಲ. ಬರೆಯಲು ತಲೆ ತಗ್ಗಿಸಿದರೆ ಎದುರಿನವನ ಮಾತು ಅರ್ಧದಲ್ಲೇ ಉಳಿಯುತ್ತದೆ. ಅವನು ನಿಲ್ಲಿಸಿದಾಗ ಕಾದಳು. ಇಷ್ಟು ತಾಳ್ಮೆ ಯಾವ ಜೀವಕ್ಕಾದರೂ ಇರುತ್ತದೆಯೇ ಎಂದು ಹೊಟ್ಟೆಕಿಚ್ಚಿನಲ್ಲೇ ಅಂದುಕೊಂಡೆ.

ಅವಳೂ ಏಳು ವರ್ಷ ಫ್ಯಾಕ್ಟರಿಯಲ್ಲಿ ದುಡಿದವಳಂತೆ. ಜೊತೆಗಿದ್ದ ಕಿವಿ ಕೇಳದ ಹುಡುಗಿಯೊಬ್ಬಳು ಮನಸ್ಸಿನ ನೋವು ಯಾರಿಗೂ ಹೇಳಲಾಗದೆ ಜೀವ ಕಳೆದುಕೊಂಡ ಮೇಲೆ, ಕೆಲಸ ಬಿಟ್ಟು ಇದನ್ನು ಓದಿದಳಂತೆ. ಇದನ್ನೆಲ್ಲ ಕುಮಾರೇಶ್ ಎರಡನೆಯ ವಾರ ಆಸ್ಪತ್ರೆಯ ಸಾಲಿನಲ್ಲಿ ಹೇಳಿದ. ಹೌದು, ಅವರಿಬ್ಬರೂ ನಮ್ಮ ಜೊತೆ ಅದೇ ಡಾಕ್ಟರ ಹತ್ತಿರ ಬಂದು ಸಾಲಿನಲ್ಲಿ ನಿಂತರು. ಡಾಕ್ಟರು ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿದರು, ಈ ಸಲ ಸುಬ್ರಮಣಿ ತಾನೇ ಉತ್ತರ ಕೊಟ್ಟ. ಅರ್ಧ ಗಂಟೆ ಹಿಡಿಯಿತು. ಹಳೆಯ ಮಾತ್ರೆಗಳಲ್ಲಿ ಎರಡನ್ನು ತೆಗೆದುಹಾಕಿದರು.

ನಾಲ್ಕೈದು ಶನಿವಾರ ಕಳೆದ ಮೇಲೆ ಕುಮಾರೇಶ್ ಬಾಗಿಲು ತೆಗೆದ. “ಅಕ್ಕಾ, ನಿಮ್ಮ ತಮ್ಮ ಒಳಗೆ ಕರೀತಿದಾರೆ.”

ಹೋಗಿ ಕೂತೆ. ಸುಬ್ರಮಣಿ ನನ್ನ ಎದುರಿಗೆ, ಸುಗುಣಾ ಅವನ ಪಕ್ಕ, ಕುಮಾರೇಶ್ ನನ್ನ ಪಕ್ಕ. ಸುಬ್ರಮಣಿ ಕೈಯೆತ್ತಿದ. ಕುಮಾರೇಶ್ ದನಿ ತೆಗೆದ.

“ಅಕ್ಕ, ಅವತ್ತು ಅಪ್ಪ ಎಷ್ಟು ಸಲ ಹುರಿ ಎಳ್ದ? ನಾನು ಯಾಕೆ ಏಳ್ಲಿಲ್ಲ?”

“ನಿಂಗ್ಯಾಕಪ್ಪ ನಮ್ಮ ಹುರಿ ವಿಚಾರ?” ಎಂದು ಕುಮಾರೇಶನ ಮೇಲೆ ರೇಗಿದೆ.

“ಇದು ನಿಮ್ಮ ತಮ್ಮನ ಮಾತು ಅಕ್ಕಾ. ಅವ್ರು ‘ನಾನು’ ಅಂದ್ರೆ ನಾನೂ ‘ನಾನು’ ಅಂತಾನೇ ಹೇಳ್ಬೇಕು, ನಮ್ಮ ಕೆಲಸದ ಪದ್ಧತಿ. ನನ್ನ ನೋಡ್ಬೇಡಿ. ಅವ್ರ ಮುಖ ನೋಡಿ.”

ನೋಡಿದೆ. ಮೂವತ್ತು ವರ್ಷದ ನನ್ನ ತಮ್ಮ ಮೊದಲ ಸಲ ನನಗೆ ಒಂದು ಪೂರ್ತಿ ಮಾತು ಹೇಳಿದ್ದ.

“ನಾನು ಸತ್ತೋನಂಗೆ ಮಲಗ್ಬುಟ್ಟಿದ್ದೆ” ಎಂದ. “ಅಪ್ಪ ಎಳೀತಾ ಇದ್ದ, ನಂಗೆ ಗೊತ್ತಾಗ್ಲಿಲ್ಲ. ಮಣ್ಣು ಮಾಡೋವಾಗ ಊರೋರ ತುಟಿ ನೋಡ್ದೆ. ‘ಇವನು ಎದ್ದಿದ್ರೆ ಉಳೀತಿದ್ದ’ ಅಂದ್ರು. ಅಪ್ಪನ್ನ ನಾನೇ ಕೊಂದೆ. ಹೌದೋ ಅಲ್ವೋ, ಅದಷ್ಟೇ ಹೇಳು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಅಂಗೈ ತಾನೇ ತಾನಾಗಿ ಎದ್ದು ಕೆಳಗೆ ಒತ್ತಲು ಹೋಯಿತು. ಸುಗುಣಾ ನನ್ನನ್ನು ನೋಡಿದಳು. ಬಯ್ಯುವ ನೋಟವಲ್ಲ, ಬಿಟ್ಟುಕೊಡುವ ನೋಟವೂ ಅಲ್ಲ. ಕೈಯನ್ನು ಮಡಿಲಿಗೆ ಇಳಿಸಿದೆ.

“ಅಪ್ಪ ಎಳೀಲೇ ಇಲ್ಲ ಕಣ್ಲಾ” ಎಂದೆ. “ಹಿಂದಿನ ಸಾಯಂಕಾಲ ನಾನೇ ಅಪ್ಪಂಗೆ ಫೋನ್ ಮಾಡಿದ್ದೆ. ಹುಡ್ಗ ಸೊರಗಿ ಹೋಗ್ಬುಟ್ಟವ್ನೆ, ನಾಳೆ ಫಸ್ಟ್ ಶಿಫ್ಟು, ಇವತ್ತೊಂದಿನ ಎಬ್ಬಿಸ್ಬ್ಯಾಡ ಅಂದೆ. ಅಪ್ಪ ಹೂಂ ಅಂದ. ಬೆಳಿಗ್ಗೆ ನಾನು ಬಂದು ನೋಡ್ದಾಗ ಅವನ ಕಡೆ ತುದೀನ ಮರದ ಬುಡಕ್ಕೆ ಕಟ್ಟಿದ್ದ. ನಿಂಗೆ ಎಚ್ಚರ ಆಗ್ಬಾರ್ದು ಅಂತ ಕೈಯಿಂದ ಬಿಚ್ಚಿಟ್ಟು ಒಬ್ನೇ ಆನೆ ಓಡ್ಸೋಕೆ ಹೋಗವ್ನೆ. ಆ ಗಂಟು ಯಾರ ಕಣ್ಣಿಗೂ ಬೀಳೋಕ್ ಮುಂಚೆ ಬಿಚ್ಚಿ, ಹುರೀನ ಬೆಂಕಿಗೆ ಹಾಕ್ದೋಳು ನಾನು.”

ಕುಮಾರೇಶ್ ಅದನ್ನೆಲ್ಲ ಕೈಯಲ್ಲಿ ಹೇಳಿ ಮುಗಿಸಿದ. ಸುಬ್ರಮಣಿ ಎದ್ದು ನಿಂತ. ಮುಖ ಕೆಂಪಾಯಿತು, ಗಂಟಲಿನಿಂದ ಒಂದು ಸದ್ದು ಬಂತು, ಕೈಗಳು ನನ್ನ ಮುಖದ ಮುಂದೆ ಬೀಸಿದವು. ಅವನಿಗೆ ಸಿಟ್ಟು ಬಂದಾಗಲೆಲ್ಲ ನಾನು ಮಾಡುತ್ತಿದ್ದುದನ್ನೇ ಮಾಡಿದೆ. ಎದ್ದು ಅವನ ಎರಡೂ ಕೈ ಹಿಡಿದುಕೊಂಡೆ. ಸುಗುಣಾ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಬಿಡಿಸಿದಳು.

“ಕೈ ಹಿಡೀಬೇಡಿ” ಎಂದು ಅವಳ ಮಾತನ್ನು ಕುಮಾರೇಶ್ ಹೇಳಿದ. “ಅದು ಬಾಯಿ ಮುಚ್ಚಿದ ಹಾಗೆ. ಅವ್ರು ಬೈಲಿ.”

ಬೈದ. “ಐದು ತಿಂಗ್ಳು ನಿನ್ನ ಮನೇಲಿ ಕೊಲೆಗಾರನ ಥರ ಅನ್ನ ತಿಂದೆ. ಬಾವಿ ಹತ್ರ ಹೋಗಿದ್ದೂ ಅದಕ್ಕೇನೇ. ನಿಂಗೆಲ್ಲ ಗೊತ್ತಿತ್ತು. ನನ್ನ ಬಾಯಿ ಅಂತೀಯ, ಒಂದಿನಾನಾದ್ರೂ ನಂಗೇನಾಗೈತೆ ಅಂತ ನನ್ನ ಕೇಳಿದೀಯಾ?” ಇನ್ನೂ ಬಹಳ ಬೈದ. ಹಾಸ್ಟೆಲಿನಿಂದ ಹಿಡಿದು ಕೂಡಿಟ್ಟದ್ದೆಲ್ಲ ಬಂತು. “ಗೊತ್ತಿತ್ತು. ಕೇಳ್ಲಿಲ್ಲ. ತಪ್ಪಾಯ್ತು” ಎಂದೆ. ಅವನು ಬೈಯುತ್ತಿದ್ದಷ್ಟು ಹೊತ್ತೂ ನನಗೆ ನೋವಾಯಿತು. ಆದರೂ ಇವನು ಉಳಿದುಕೊಳ್ಳುತ್ತಾನೆ ಎಂಬ ನಂಬಿಕೆ ಮೊದಲ ಸಲ ಬಂದದ್ದು ಆಗಲೇ. ಇಷ್ಟನ್ನು ಹೊರಗೆ ತೆಗೆಯಲು ಇಷ್ಟು ವಾರ ಅಲ್ಲಿ ಕೂತ ಆ ಹೆಂಗಸಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅವನು ದಣಿದು ಕೂತ. ಸುಗುಣಾ ಇಬ್ಬರಿಗೂ ನೀರು ಕೊಟ್ಟಳು. ಅವನು ಅಪ್ಪನನ್ನು ನೆನೆದು ಅತ್ತ, ಐದು ತಿಂಗಳಿಂದ ಅತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ ಮುಖ ಒರೆಸಿಕೊಂಡು, ನನ್ನ ಕಡೆ ತೋರಿಸುತ್ತ ಸುಗುಣಾಗೆ ನಿಧಾನವಾಗಿ ಏನೋ ಹೇಳಿದ.

ಕುಮಾರೇಶ್ ದನಿ ತೆಗೆದ. “ಮೇಡಂ, ಅಕ್ಕನ ಹೆಸ್ರೂ ಬರ್ಕೊಳ್ಳಿ. ಇವ್ಳು ಐದು ತಿಂಗ್ಳಿಂದ ನಿದ್ದೆ ಮಾಡಿಲ್ಲ. ನಡುಮನೇಲಿ ಒಬ್ಳೇ ಕೂತಿರ್ತಾಳೆ, ನಾನು ನೋಡಿದೀನಿ. ಇವಳನ್ನ ಯಾರೂ ಕೇಳಿಲ್ಲ.”

ಸುಗುಣಾ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೈಯೆತ್ತಿದಳು, ಕುಮಾರೇಶ್ ದನಿ ಕೊಟ್ಟ. “ಹೇಳಿ ಮಂಗಳಾ, ನಿಮಗೆ ಹೇಗಿದೆ?”

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ನನಗೆ ಒಂದು ಮಾತೂ ಹೊರಡಲಿಲ್ಲ. ತಮ್ಮನ ಕಡೆ ನೋಡಿದೆ. ಅವನಿಗೆ ಎಲ್ಲ ಗೊತ್ತಿತ್ತು, ಹೇಳಬಹುದಿತ್ತು. ನನ್ನ ಬದಲು ಅವನು ಉತ್ತರ ಕೊಡಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ನಾನು ಬಾಯಿ ಬಿಡುವ ತನಕ ಕಾದ.