ಹುಚ್ಚನ ಎದೆ

“ನಾ ಒತ್ತಿದ ಹೊಡೆತಕ್ಕ ಮಾಡಿನ ಹಂಚು ಉದುರಿದ್ವು. ಹುಚ್ಚನ ಎಲುಬು ಮುರಿದ ಸಪ್ಪಳ ಬನವಾಸಿ ಪ್ಯಾಟಿಗೇ ಕೇಳೇತಿ” ಎನ್ನುತ್ತ ಚೌಡ ಹಂಡೆಯಿಂದ ಬಿಸಿನೀರು ತೋಡಿ ಗೆಳೆಯ ಹುಚ್ಚನ ಹೆಣದ ಕಾಲಿಗೆ ಸುರಿದ.

ಅಂಗಳದಲ್ಲಿದ್ದ ದಾಸನಕೊಪ್ಪದ ಮಂದಿ ನಗಲಿಲ್ಲ.

“ಈಗ ಎದ್ದ ಕೂತಾನು ಅನ್ನಸ್ತತಿ” ಎಂದಳು ನೆರೆಮನೆಯ ನೀಲಗಂಗವ್ವ. “ಎಷ್ಟ ಸಲ ಎದ್ದಾನ.”

ಹುಚ್ಚನ ಹೆಂಡತಿ ತಿಮ್ಮಿ ಅವನ ಎದೆ ಒರೆಸುತ್ತಿದ್ದಳು.

*

ಏಳೂರು ಹುಡುಕಿದರೂ ಹುಚ್ಚನಷ್ಟು ಸಲ ಸತ್ತವರು ಸಿಗುತ್ತಿರಲಿಲ್ಲ. ಹೃದಯ ನಿಂತವರ ಎದೆ ಒತ್ತಿ ಉಳಿಸುವುದನ್ನು ಕಲಿಸಲು ನರ್ಸ್ ಪರಿಮಳಾ ಬಂದಾಗಲೆಲ್ಲ ಶಾಲೆಯ ಜಗಲಿಯಲ್ಲಿ ಅವನೇ ಹೆಣವಾಗಿ ಮಲಗುತ್ತಿದ್ದ. ಚೌಡ ಮೆಲ್ಲಗೆ ಕೈಯಿಟ್ಟರೆ ಉಸಿರು ಬಿಗಿಹಿಡಿಯುತ್ತಿದ್ದ. ಎಲ್ಲರ ಮುಖ ಬಿಳಿಚಿದ ಮೇಲೆ, “ಚಾ ಆತೇನು?” ಎಂದು ಏಳುತ್ತಿದ್ದ.

ಕಳೆದ ವರ್ಷ ಪರಿಮಳಾ ರಬ್ಬರ್ ಬೊಂಬೆ ತಂದಳು. “ನಿಯಮ ಬದಲಾಗಿದೆ. ಎದೆ ಎರಡಿಂಚಾದರೂ ಇಳೀಬೇಕು, ಪೂರ್ತಿ ಮೇಲೇಳಬೇಕು. ಸರಿಯಾಗಿ ಒತ್ತಿದ್ರೆ ಬೊಂಬೆ ಟಕ್ ಅಂತದೆ. ಬದುಕಿರೋರ ಮೇಲೆ ಇದನ್ನ ಕಲಿಯೋಕಾಗಲ್ಲ.”

“ಬೊಂಬಿಗೆ ನನ್ನಂಗ ಸಾಯಾಕ ಬರ್ತತೇನು?” ಎಂದು ಹುಚ್ಚ ಮುಖ ಊದಿಸಿಕೊಂಡು ಗೋಡೆಗೆ ಒರಗಿದ.

“ನಾ ಅದನ್ನ ಮುಟ್ಟಂಗಿಲ್ಲ, ಬಿಡು” ಎಂದು ಚೌಡನೂ ಅವನ ಪಕ್ಕ ಕೂತ.

*

ತಿಮ್ಮಿಯ ಕೈ ನಿಂತಿತು. ಬಟ್ಟೆ ಬದಿಗಿಟ್ಟು, ಗಂಡನ ಪಕ್ಕೆಲುಬುಗಳ ಮೇಲೆ ಬೆರಳಾಡಿಸಿದಳು.

“ಚೌಡ, ಎಲ್ಲಾ ಎಲುಬೂ ನೆಟ್ಟಗ ಅದಾವಲ್ಲ.”

“ಪಳಗಿದ ಕೈ ಅತ್ತಿಗೆ, ಗುರ್ತು ಉಳಿಯಂಗಿಲ್ಲ.”

“ನಾ ಬರೂತನ ನೀ ಒಬ್ಬನ ಇದ್ದಿ. ಉಳಸಾಕ ನೋಡಿದ್ಯೋ ಇಲ್ಲೋ? ನಂಗ ಅಷ್ಟು ಗೊತ್ತಾಗ್ಬೇಕು.”

ಚೌಡ ತಂಬಿಗೆ ಕೆಳಗಿಟ್ಟ. ಅವನ ದನಿ ಅಂಗಳ ದಾಟುವಷ್ಟೂ ಇರಲಿಲ್ಲ.

“ಅವ ಎದಿ ಹಿಡ್ಕೊಂಡು ಬಿದ್ದಾಗ, ಯಾವಾಗಿನಂಗ ಆಟ ಹೂಡ್ಯಾನ ಅಂದ್ಕೊಂಡೆ. ಪಕ್ಕದಾಗ ಕೂತು ನಕ್ಕೆ. ‘ಬೊಂಬಿಗಿಂತ ಚೊಲೋ ಸತ್ತಿ, ಏಳೋ’ ಅಂದೆ. ಏಳ್ಲಿಲ್ಲ. ಆಮ್ಯಾಲ ಒತ್ತಿದೆ, ಅತ್ತಿಗೆ. ಆದ್ರ ಅವನಿಗೆ ನೋವಾದೀತು ಅಂತ ಮೆಲ್ಲಕ.”

ತಿಮ್ಮಿ ಅಳಲಿಲ್ಲ. ಚಟ್ಟದ ಜೊತೆ ಒಯ್ಯಲು ಇಟ್ಟಿದ್ದ ಹುಚ್ಚನ ಹಾಸಿಗೆಯನ್ನು ಅವನ ಮುಂದೆ ಎಳೆದಳು.

“ಹೆಂಗ ಒತ್ತಬೇಕಿತ್ತು? ತೋರ್ಸು.”

ಚೌಡ ಅಂಗೈ ಮೇಲೆ ಅಂಗೈಯಿಟ್ಟು, ಮೈಯ ಭಾರವೆಲ್ಲ ಬಿಟ್ಟು ಒತ್ತಿದ. ಕೈ ತೆಗೆದ. ಹಳೆಯ ಹತ್ತಿಯಲ್ಲಿ ಬಿದ್ದ ಗುಳಿ ಮೇಲೇಳಲಿಲ್ಲ.