ಬಾಲದ ಗಾಡಿ

ಹಳೆ ಕಾರುಗಳ ಕ್ಲಬ್ಬಿನ ಅಧ್ಯಕ್ಷರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ತೆರೆದ ಬಾನೆಟ್ಟಿನೊಳಗೆ ನೀರು ಚಿಮ್ಮಿಸುತ್ತಿದ್ದರು. ಎಂಜಿನ್ನಿಗೆ ಮೆತ್ತಿಕೊಂಡಿದ್ದ ಎಣ್ಣೆಜಿಡ್ಡು ಕಪ್ಪಗೆ ಕರಗಿ ಅಂಗಳದ ಸಿಮೆಂಟಿನ ಮೇಲೆ ಹರಿಯುತ್ತಿತ್ತು. ಹತ್ತೂವರೆಗೆ ಶವವಾಹನ ಬರುವುದಿತ್ತು. ಹನ್ನೊಂದೂವರೆಗೆ ವಿದ್ಯುತ್ ಚಿತಾಗಾರದಲ್ಲಿ ಸಮಯ ಗೊತ್ತಾಗಿತ್ತು. ಅಷ್ಟರೊಳಗೆ ಟೈಪಿಸ್ಟನ ಗಾಡಿ ಒಳಗೂ ಹೊರಗೂ ಫಳಫಳ ಅನ್ನಬೇಕೆಂದು ಅವರು ಹಟ ಹಿಡಿದಿದ್ದರು.

ಟೈಪಿಸ್ಟ್ ಒಳಗೆ ನಡುಮನೆಯಲ್ಲಿ ಮಲಗಿದ್ದ. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲೇ ಕುಸಿದಿದ್ದ. ಅಧ್ಯಕ್ಷರು ಇವತ್ತು ಬೆಳಿಗ್ಗೆ ಏಳಕ್ಕೇ ಬಂದಿದ್ದರೂ ಹೊಸ್ತಿಲು ದಾಟಿರಲಿಲ್ಲ. ಸೀದಾ ನಲ್ಲಿಯ ಕಡೆ ನಡೆದಿದ್ದರು. ಅವನ ಮುಖವನ್ನು ಕೊನೆಗೆ, ಚಿತಾಗಾರಕ್ಕೆ ಹೋದ ಮೇಲೆ ನೋಡಿದರಾಯಿತು ಎಂದುಕೊಂಡಿದ್ದರು.

ಟೈಪಿಸ್ಟನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅತ್ತು ಅತ್ತು ಅವಳ ದನಿ ಉಡುಗಿತ್ತು.

"ಅಣ್ಣ, ಒಳಗಡೆಗೂ ನೀರು ಬಿಡ್ತಿದ್ದೀರಲ್ಲ. ಅವರು ಬಿಡ್ತಿರಲಿಲ್ಲ. ಬರೀ ಬಟ್ಟೇಲಿ ಒರೆಸೋರು."

"ಅವನಿಗೇನು ಗೊತ್ತು ತಂಗಿ, ಸೋಮಾರಿ!" ಎಂದುಬಿಟ್ಟರು ಅಧ್ಯಕ್ಷರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಅವಳು ಗಾಡಿಯ ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಸದಸ್ಯರು ತೀರಿಕೊಂಡರೆ ಅವರ ಗಾಡಿ ಶವವಾಹನದ ಹಿಂದೆಯೇ, ಎಲ್ಲರಿಗಿಂತ ಮುಂದೆ ಹೋಗಬೇಕು. ಓಡಿಸುವವರು ಅಧ್ಯಕ್ಷರು. ಕಳೆದ ಆರು ವರ್ಷಗಳಲ್ಲಿ ಒಂಬತ್ತು ಸಲ ಓಡಿಸಿ ಅವರಿಗೆ ಅಭ್ಯಾಸವೂ ಆಗಿತ್ತು. ಆದರೆ ಈ ಸಲದ್ದು ಬೇರೆ. ಏಳು ತಿಂಗಳಿಂದ ಅವರಿಗೂ ಟೈಪಿಸ್ಟನಿಗೂ ಮಾತಿರಲಿಲ್ಲ. ಅವನ ಗಾಡಿಯನ್ನು ತೊಳೆದು, ಓಡಿಸಿ, ಅವನನ್ನು ಕೊನೆಯವರೆಗೆ ಬಿಟ್ಟು ಬರುವುದೊಂದೇ ಈಗ ಅವರು ಅವನಿಗೆ ಹೇಳಬಹುದಾಗಿದ್ದ ಮಾತು.

*

ಮೂವತ್ತು ವರ್ಷಗಳ ಹಿಂದೆ ಕ್ಲಬ್ಬಿನಲ್ಲಿ ಮೂವತ್ತೊಂದು ಗಾಡಿಗಳಿದ್ದವು. ಆಗ ಅಧ್ಯಕ್ಷರದು ಔಷಧಿ ಅಂಗಡಿ, ಟೈಪಿಸ್ಟ್ ಕೋರ್ಟಿನಲ್ಲಿ ಟೈಪಿಸ್ಟ್. ಇಂತಿಷ್ಟು ವರ್ಷಕ್ಕಿಂತ ಈಚೆಗೆ ತಯಾರಾದ ಗಾಡಿಗೆ ಪ್ರವೇಶವಿಲ್ಲ ಎಂದು ಅಧ್ಯಕ್ಷರು ಗೆರೆ ಎಳೆದಾಗ ಟೈಪಿಸ್ಟನ ಕೆನೆಬಣ್ಣದ ಗಾಡಿ ಸರಿಯಾಗಿ ಗೆರೆಯ ಮೇಲೆ ನಿಂತಿತ್ತು. ಪ್ರವಾಸ ಹೊರಟರೆ ಎಲ್ಲಕ್ಕಿಂತ ಹಳೆಯ ಗಾಡಿ ಮುಂದೆ, ಎಲ್ಲಕ್ಕಿಂತ ಎಳೆಯದು ಹಿಂದೆ. ಹೀಗೆ ಟೈಪಿಸ್ಟ್ ಬಾಲವಾದ. ಗೆರೆ ಆಮೇಲೆ ಒಂದಿಂಚೂ ಸರಿಯಲಿಲ್ಲವಾದ್ದರಿಂದ ಅವನ ಹಿಂದೆ ಬರುವವರು ಹುಟ್ಟಲೇ ಇಲ್ಲ.

ಬಾಲ ಅಂದರೆ ಸುಮ್ಮನೆ ಅಲ್ಲ. ಹಳೆಯ ಗಾಡಿಗಳೆಂದ ಮೇಲೆ ದಾರಿಯಲ್ಲಿ ಒಂದಲ್ಲ ಒಂದು ಮುನಿಸಿಕೊಳ್ಳುವುದು ಇದ್ದದ್ದೇ. ಒಂದು ನಿಂತಿತೆಂದು ಎಲ್ಲವೂ ನಿಂತರೆ ಮತ್ತೆ ಹೊರಡುವುದು ಎಷ್ಟೋ, ಬಿಡುವುದು ಎಷ್ಟೋ. ಅದಕ್ಕೇ ಅಧ್ಯಕ್ಷರು ನಿಯಮ ಹೇಳಿದರು, ಟೈಪಿಸ್ಟ್ ಅದನ್ನು ತನ್ನ ಕೋರ್ಟಿನ ಭಾಷೆಯಲ್ಲಿ ಬಡಿದು ಕೊಟ್ಟ: "ನಿಂತ ಗಾಡಿಗಾಗಿ ಬಾಲದ ಗಾಡಿಯೇ ನಿಲ್ಲತಕ್ಕದ್ದು. ಮಿಕ್ಕವರು ನಿಲ್ಲತಕ್ಕದ್ದಲ್ಲ."

ಅಂದಿನಿಂದ ಟೈಪಿಸ್ಟ್ ನಿಲ್ಲುತ್ತಲೇ ಬಂದ. ಸುಡುಬಿಸಿಲಲ್ಲಿ ಯಾರದೋ ರೇಡಿಯೇಟರಿಗೆ ನೀರು ತುಂಬುತ್ತ, ಯಾರದೋ ಚಕ್ರ ಬಿಚ್ಚುತ್ತ. ಅವನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟದ ಜಾಗ ತಲುಪುವ ಹೊತ್ತಿಗೆ ಮಿಕ್ಕವರು ಉಂಡು, ಕೈತೊಳೆದು, ಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದರು. "ತಳ ಹತ್ತಿದ್ದೇ ರುಚಿ ಕಣ್ರೋ" ಎಂದು ನಗುತ್ತ ಪಾತ್ರೆ ಕೆರೆದುಕೊಂಡು ತಿನ್ನುತ್ತಿದ್ದ. ಮೂವತ್ತು ವರ್ಷ ತಣ್ಣಗಾದ ಊಟ ಉಂಡವನಿಗಾಗಿ ಯಾರೂ ಒಂದು ದಿನವೂ ಕಾಯಲಿಲ್ಲ. ಅಧ್ಯಕ್ಷರೂ ಕಾಯಲಿಲ್ಲ.

*

ಬೀಗದ ಕೈ ತಿರುಗಿಸಿದರೆ ಗಾಡಿ ಕೆಮ್ಮಿತು. ನಾಲ್ಕನೆಯ ಸಲಕ್ಕೆ ಹೇಗೋ ಚಾಲೂ ಆಯಿತು. ಟೈಪಿಸ್ಟನ ಹೆಂಡತಿಯನ್ನೂ ಹತ್ತಿಸಿಕೊಂಡು ಶವವಾಹನ ಹೊರಟಿತು. ಅದರ ಹಿಂದೆ ಕೆನೆಬಣ್ಣದ ಗಾಡಿ, ಆಮೇಲೆ ಉಳಿದಿದ್ದ ಮೂವರ ಮೂರು ಗಾಡಿಗಳು: ಗಡಿಯಾರ ರಿಪೇರಿಯವರದು, ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವರದು, ಹಲ್ಲಿನ ಡಾಕ್ಟರದು. ಅಧ್ಯಕ್ಷರ ಸ್ವಂತ ಗಾಡಿ ಅವರ ಮನೆಯಲ್ಲಿತ್ತು. ಕ್ಲಬ್ಬು ಅಂದರೆ ಈಗ ಇಷ್ಟೇ.

ಎರಡನೆಯ ಸಿಗ್ನಲ್ಲಿನಲ್ಲಿ ಶವವಾಹನ ದಾಟಿಕೊಂಡಿತು, ಕೆಂಪು ದೀಪ ಬಿತ್ತು. ಅಧ್ಯಕ್ಷರು ಬ್ರೇಕು ಒತ್ತಿದರು. ಗಾಡಿ ಎರಡು ಸಲ ನಡುಗಿ ಸುಮ್ಮನಾಯಿತು. ಹಸಿರು ಬಂದರೂ ಏಳಲಿಲ್ಲ. ಹಿಂದಿನಿಂದ ಹಾರ್ನುಗಳು ಬೊಬ್ಬೆ ಹೊಡೆದವು. ಪೊಲೀಸಿನವನೊಬ್ಬ ಓಡಿ ಬಂದು, "ತಳ್ಳಿ ಯಜಮಾನ್ರೇ, ತಳ್ಳಿ" ಎನ್ನುತ್ತ ತಾನೂ ಕೈಹಚ್ಚಿದ. ಇಬ್ಬರೂ ಸೇರಿ ಗಾಡಿಯನ್ನು ಒಂದು ದರ್ಜಿ ಅಂಗಡಿಯ ಮುಂದೆ ತಂದು ನಿಲ್ಲಿಸಿದರು.

ಗಡಿಯಾರದವರು ಕೈಯೆತ್ತಿ ದಾಟಿ ಹೋದರು. ತುತ್ತೂರಿಯವರೂ ಹೋದರು. ನಿಯಮ ನಿಯಮವೇ. ಕೊನೆಗೆ ಹಲ್ಲಿನ ಡಾಕ್ಟರು ನಿಧಾನ ಮಾಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಏನಾಯ್ತು ಅಧ್ಯಕ್ಷರೇ?"

"ನಿಂತೋಯ್ತು!"

"ಯೋಚ್ನೆ ಮಾಡ್ಬೇಡಿ, ಹಿಂದೆ ಬಾಲ ಬರ್ತಿದ್ದಾನೆ!" ಎಂದು ಕೂಗಿ ಡಾಕ್ಟರು ಮುಂದಕ್ಕೆ ಹೋಗಿಯೇಬಿಟ್ಟರು.

ಅಧ್ಯಕ್ಷರೂ ಕತ್ತು ತಿರುಗಿಸಿ ಹಿಂದೆ ನೋಡಿದರು. ಬಸ್ಸು, ಬೈಕುಗಳ ನಡುವೆ ಕೆನೆಬಣ್ಣದ ಗಾಡಿ ಎಲ್ಲಿ ಬರುತ್ತಿದೆಯೆಂದು ನಿಜಕ್ಕೂ ಹುಡುಕಿದರು. ಆಮೇಲೆ ತಾವು ಕೈ ಊರಿ ನಿಂತಿದ್ದ ಬಾಗಿಲಿನ ಬಣ್ಣ ಅವರಿಗೆ ಕಂಡಿತು.

ಅವರು ಗಾಡಿಯ ಮೆಟ್ಟಿಲ ಮೇಲೆಯೇ ಕುಳಿತರು. ಟ್ಯಾಕ್ಸಿ ಹಿಡಿದರೆ ಹೊತ್ತಿಗೆ ತಲುಪಬಹುದಿತ್ತು. ಆದರೆ ಟೈಪಿಸ್ಟ್ ಮೂವತ್ತು ವರ್ಷದಲ್ಲಿ ಯಾರ ಗಾಡಿಯನ್ನೂ ಬೀದಿಯಲ್ಲಿ ಬಿಟ್ಟು ಹೋದವನಲ್ಲ. ಅವನ ಗಾಡಿಯನ್ನೇ ಬಿಟ್ಟು ಹೋಗಿ ಅವನ ಮುಖ ನೋಡುವುದು ಹೇಗೆ?

*

ಜಗಳವಾಗಿದ್ದು ಒಂದು ಭಾನುವಾರ, ಮುಚ್ಚಿಹೋದ ಛಾಪಖಾನೆಯ ಆವರಣದಲ್ಲಿ. ತಿಂಗಳಿಗೊಮ್ಮೆ ಕ್ಲಬ್ಬು ಅಲ್ಲಿ ಸೇರುತ್ತಿತ್ತು. ಐದು ಗಾಡಿಗಳ ಬಾನೆಟ್ ಎತ್ತಿ, ಒಬ್ಬರದನ್ನೊಬ್ಬರು ನೂರನೆಯ ಸಲ ಹೊಗಳುತ್ತಿದ್ದಾಗ ಒಂದು ಪುಟ್ಟ ಕೆಂಪು ಕಾರು ಒಳಗೆ ಬಂತು. ಬಿಸಿಲಿಗೆ ಕೆಂಪು ಮಾಸಿ ಗುಲಾಬಿಯಾಗಿತ್ತು. ಇಳಿದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಳು.

"ಸರ್, ನಾನೂ ಸೇರ್ಕೋಬಹುದಾ?"

ಅಧ್ಯಕ್ಷರು ಕೈ ಹಿಂದೆ ಕಟ್ಟಿಕೊಂಡು ಗಾಡಿಗೆ ಒಂದು ಸುತ್ತು ಹಾಕಿದರು. ಬೆರಳಿನಿಂದ ಪ್ಲಾಸ್ಟಿಕ್ ಬಂಪರನ್ನು ಟಕಟಕ ತಟ್ಟಿದರು.

"ಎಷ್ಟು ವಯಸ್ಸಮ್ಮಾ ಇದಕ್ಕೆ?"

"ಇಪ್ಪತ್ತಮೂರು ಸರ್. ಅಮ್ಮಂದು. ಅವರು ನರ್ಸ್ ಆಗಿದ್ರು, ಇದರಲ್ಲೇ ಡ್ಯೂಟಿಗೆ ಹೋಗ್ತಿದ್ರು. ಈಗಿಲ್ಲ."

"ಅಮ್ಮಾ, ಇದು ಹಳೇ ಗಾಡಿ ಅಲ್ಲ," ಎಂದರು ಅಧ್ಯಕ್ಷರು. "ಹಳಸಿದ ಗಾಡಿ."

ಎಲ್ಲರೂ ಗೊಳ್ಳೆಂದರು. ಡಾಕ್ಟರು ತಮ್ಮದೇ ಹಲ್ಲುಸೆಟ್ಟು ಕಳಚೀತೆಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹುಡುಗಿಯೂ ನಕ್ಕಳು, ಮರ್ಯಾದೆ ಉಳಿಸಿಕೊಳ್ಳಲು ನಗುವ ನಗು ಅದು. ಆಮೇಲೆ ರಿವರ್ಸ್ ತೆಗೆದುಕೊಂಡು ಹೊರಟುಹೋದಳು.

ನಗದೆ ಇದ್ದವನು ಟೈಪಿಸ್ಟ್ ಒಬ್ಬನೇ.

"ಹಳಸ್ತಿರೋದು ಅವಳ ಗಾಡಿ ಅಲ್ಲ ಕಣೋ," ಎಂದ. "ಮುಚ್ಚಿಟ್ಟಿದ್ದು ಹಳಸುತ್ತೆ. ಬಾಗಿಲು ಹಾಕ್ಕೊಂಡು ಹಳಸ್ತಿರೋದು ನಾವು. ನನ್ನ ಹಿಂದೆ ಒಬ್ಬರಾದ್ರೂ ಬರ್ಬಾರ್ದಾ? ಕನ್ನಡೀಲಿ ಧೂಳು ನೋಡಿ ನೋಡಿ ಸಾಕಾಗಿದೆ ನನಗೆ."

"ಅಷ್ಟಿದ್ರೆ ನೀನೇ ಹೋಗು, ಅವಳ ಬಾಲ ಹಿಡ್ಕೊಂಡು!"

ಮೂವತ್ತು ವರ್ಷದ ಸ್ನೇಹಕ್ಕೆ ಇಷ್ಟು ಸಾಕಾಯಿತು. ಆಮೇಲಿನ ಪ್ರವಾಸಗಳಿಗೆ ಟೈಪಿಸ್ಟ್ ಬಂದ, ಬಾಲದಲ್ಲೇ ಬಂದ, ಮಾತಾಡಲಿಲ್ಲ. ಮೊದಲು ಅವನೇ ಮಾತಾಡಲಿ ಎಂದು ಅಧ್ಯಕ್ಷರು ಕಾದರು. ಅವರಿಗೆ ಬಿಗುಮಾನ, ಅವನಿಗೆ ನೋವು. ದಿನಗಳು ಯಾರಿಗೂ ಕಾಯಲಿಲ್ಲ.

*

"ಏನಾಯ್ತು ಸರ್?"

ಅಧ್ಯಕ್ಷರು ತಲೆಯೆತ್ತಿದರು. ಪುಟ್ಟ ಗುಲಾಬಿ ಕಾರು ಹಿಂದೆಯೇ ನಿಂತಿತ್ತು. ಹುಡುಗಿ ಇಳಿದು ಬರುತ್ತಿದ್ದಳು.

"ನೀನು... ಎಲ್ಲಿಂದ ಬಂದೆ?"

"ಮನೆ ಹತ್ರದಿಂದಾನೇ ನಿಮ್ಮ ಹಿಂದೆ ಬರ್ತಿದ್ದೆ. ಅಲ್ಲೊಂದು ಸಿಗ್ನಲ್‌ನಲ್ಲಿ ಸಿಕ್ಕಾಕ್ಕೊಂಡೆ. ಏನಾಯ್ತು ಇದಕ್ಕೆ?"

ಅಧ್ಯಕ್ಷರು ಸಿಕ್ಕಿಬಿದ್ದ ಕಳ್ಳನಂತೆ ಹೇಳಿದರು: "ಎಂಜಿನ್ ತೊಳೆದೆ."

ಅವಳು ನಗಲಿಲ್ಲ. "ಅಯ್ಯೋ, ನೀರು ಅಂದ್ರೆ ಇದಕ್ಕೆ ನೆಗಡಿ. ಅಂಕಲ್ ಹೇಳ್ತಾನೇ ಇರೋರು," ಎಂದು ಬಾನೆಟ್ ಎತ್ತಿ, ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಕಳಚಿ ಬಿಸಿಲಿಗೆ ಹಿಡಿದಳು. ಒಳಗೆ ನೀರಿನ ಹನಿಗಳು ಕೂತಿದ್ದವು. ಮೂವತ್ತು ವರ್ಷಗಳಿಂದ ಹಳೆ ಕಾರಿನವರ ನಾಯಕರಾಗಿದ್ದವರಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅವಳು ತನ್ನ ಡಿಕ್ಕಿಯಿಂದ ಟವೆಲ್ಲನ್ನೂ ಕೂದಲು ಒಣಗಿಸುವ ಮೆಷಿನ್ನನ್ನೂ ತಂದಳು. ದರ್ಜಿ ಹೊಲಿಗೆ ನಿಲ್ಲಿಸಿ, ಕಿಟಕಿಯಿಂದ ಒಂದು ಉದ್ದನೆಯ ವೈರು ಇಳಿಬಿಟ್ಟ. ಹುಡುಗಿ ಮುಚ್ಚಳದೊಳಕ್ಕೆ ಬಿಸಿಗಾಳಿ ಬಿಡುತ್ತಿದ್ದರೆ ಅಧ್ಯಕ್ಷರು ಅದನ್ನು ಬೊಗಸೆಯಲ್ಲಿ ಹಿಡಿದು ನಿಂತರು.

"ಇದೆಲ್ಲ ಅವನು ಹೇಳಿಕೊಟ್ಟನಾ?"

"ಹೂಂ. ಆ ಭಾನುವಾರ ಸಂಜೇನೇ ನನ್ನ ಪಾರ್ಲರ್ ಹುಡುಕ್ಕೊಂಡು ಬಂದಿದ್ರು. 'ಬೇಜಾರಾಗ್ಬೇಡಮ್ಮ, ನಮ್ಮವನಿಗೆ ಬಾಯಿ ಸರಿ ಇಲ್ಲ, ಮನಸ್ಸು ಕೆಟ್ಟದಲ್ಲ' ಅಂದ್ರು."

"ನಮ್ಮವನು ಅಂದನಾ?"

"ಹಾಗೇ ಅನ್ನೋರು ಯಾವಾಗ್ಲೂ. ಆಮೇಲೆ ಮೂರು ಟ್ರಿಪ್ ನಾನೂ ಬಂದಿದ್ದೀನಿ ಸರ್, ಅವರ ಹಿಂದೆ."

"ನಾನು ನೋಡಲೇ ಇಲ್ವಲ್ಲಮ್ಮ."

"ನೀವು ಮುಂದೆ ಇರ್ತಿದ್ರಿ."

ಮೆಷಿನ್ನು ಗುಂಯ್ ಎನ್ನುತ್ತಿತ್ತು. ಅಧ್ಯಕ್ಷರ ಕಣ್ಣಿನಿಂದ ಹನಿಯೊಂದು ಜಾರಿತು. ಮುಚ್ಚಳಕ್ಕೆ ಬಿದ್ದೀತೆಂದು ಅವರು ಗಾಬರಿಯಿಂದ ಮುಖ ಪಕ್ಕಕ್ಕೆ ತಿರುಗಿಸಿದರು.

"ಅವತ್ತು ನಾನು ಹಾಗೆ ಅನ್ಬಾರ್ದಿತ್ತು."

"ಸ್ವಲ್ಪ ಓರೆ ಮಾಡಿ ಹಿಡ್ಕೊಳ್ಳಿ ಸರ್," ಎಂದಳು ಅವಳು.

*

ಗಾಡಿ ಚಾಲೂ ಆದಾಗ ಹನ್ನೊಂದೂ ಮುಕ್ಕಾಲು. ಚಿತಾಗಾರ ತಲುಪಿದಾಗ ಹನ್ನೆರಡಾಗಿತ್ತು. ಆವರಣದಲ್ಲಿ ಮೂರು ಹಳೆ ಗಾಡಿಗಳು ಸಾಲಾಗಿ ನಿಂತಿದ್ದವು. ಅಧ್ಯಕ್ಷರು ಅವುಗಳ ಮುಂದೆ ಗಾಡಿ ನಿಲ್ಲಿಸಿ ಇಳಿದರೆ ಡಾಕ್ಟರು ಎದುರು ಬಂದರು. ಅವರಿಗೆ ತಲೆ ಎತ್ತಲಾಗಲಿಲ್ಲ.

"ಕಾಯ್ತೀವಿ ಅಂದ್ವಿ. ಹಿಂದೆ ಬೇರೆಯವರದ್ದಿತ್ತು, ಅವರು ಕೇಳ್ಲಿಲ್ಲ. ದಾರೀಲಿ ನಾನು ಅಂದಿದ್ದು... ಅಭ್ಯಾಸ ಬಲ. ಅಂದ ಮೇಲೆ ಹೊಳೀತು."

ಅಧ್ಯಕ್ಷರು ಒಳಗೆ ಓಡಿದರು. ಕಬ್ಬಿಣದ ಬಾಗಿಲು ಮುಚ್ಚಿತ್ತು. ಅದರ ಮುಂದೆ ನಿಂತು ಮಕ್ಕಳ ಹಾಗೆ ಅತ್ತರು. ಬೆಳಿಗ್ಗೆ ಹತ್ತು ಹೆಜ್ಜೆ ಒಳಗೆ ಹೋಗಿದ್ದರೆ ನೋಡಬಹುದಾಗಿದ್ದ ಮುಖ ಅದು. ಇನ್ನೆಂದೂ ಅದು ಕಾಣುವಂತಿರಲಿಲ್ಲ.

ಟೈಪಿಸ್ಟನ ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. "ಬಂದ್ರಾ ಅಣ್ಣ."

"ಮುಖ ನೋಡ್ಲಿಲ್ಲ ತಂಗಿ. ನಾನು ಅವನ ಮುಖಾನೇ ನೋಡ್ಲಿಲ್ಲ."

ಅವಳು ಕೇಳಿದಳು: "ನಿಮಗೋಸ್ಕರ ಯಾರು ನಿಂತ್ರು?"

ಅಧ್ಯಕ್ಷರು ಬಾಗಿಲಿನಾಚೆ ಕೈ ತೋರಿಸಿದರು. ಗುಲಾಬಿ ಕಾರು ಗೇಟಿನ ಹೊರಗೇ ನಿಂತಿತ್ತು. ಹುಡುಗಿ ಅದಕ್ಕೆ ಒರಗಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕೆ ಹೊರಗೆ ನಿಂತಿದ್ದಾಳೆ ಅವಳು?"

ಅದಕ್ಕೆ ಉತ್ತರ ಅಧ್ಯಕ್ಷರ ಬಳಿಯೇ ಇತ್ತು. ಅವರು ಮುಖ ಒರೆಸಿಕೊಂಡು ಹೊರಬಂದರು.

"ಡಾಕ್ಟ್ರೇ, ನಿಮ್ಮ ಗಾಡಿ ಸ್ವಲ್ಪ ಮುಂದಕ್ಕೆ ತಗೊಳ್ಳಿ. ಹಿಂದೆ ಇನ್ನೊಂದಕ್ಕೆ ಜಾಗ ಬೇಕು."

"ಯಾವುದಕ್ಕೆ? ಅದಕ್ಕಾ? ಆದ್ರೆ ಅದು..." ಡಾಕ್ಟರು ಅಧ್ಯಕ್ಷರ ಮುಖ ನೋಡಿದರು. ಹೋಗಿ ಗಾಡಿ ಹತ್ತಿದರು. ಅಧ್ಯಕ್ಷರು ಗೇಟಿನಲ್ಲಿ ನಿಂತು, ಎರಡೂ ಕೈ ಬೀಸಿ, "ಬಾ, ಬಾ, ಇನ್ನೂ ಬಾ" ಎನ್ನುತ್ತ ಪುಟ್ಟ ಕಾರನ್ನು ಸಾಲಿನ ಕೊನೆಗೆ ಬರಮಾಡಿಕೊಂಡರು.

ಆಮೇಲೆ ಮುಂದೆ ಹೋಗಿ ಕೆನೆಬಣ್ಣದ ಗಾಡಿಯ ಬಾಗಿಲು ತೆರೆದು ಹಿಡಿದರು. "ಬಾ ತಂಗಿ, ಮನೆಗೆ ಹೋಗೋಣ."

ಅವಳು ಬಂದಳು. ಗಂಡನ ಗಾಡಿಯ ಮೇಲೊಮ್ಮೆ ಕೈ ಆಡಿಸಿದಳು. "ನಾನು ಯಾವತ್ತಿದ್ರೂ ಕೊನೇ ಗಾಡೀಲಿ ಕೂತವಳು ಅಣ್ಣ," ಎಂದು, ಒಂದೊಂದೇ ಗಾಡಿ ದಾಟಿಕೊಂಡು ಹಿಂದಕ್ಕೆ ನಡೆದಳು. ಸಾಲಿನ ಕೊನೆಯಲ್ಲಿ ಗುಲಾಬಿ ಕಾರಿನ ಬಾಗಿಲು ತಾನೇ ತೆರೆದು ಕುಳಿತಳು.

ಹುಡುಗಿ ಬೆಲ್ಟು ಹಾಕಿಕೊಳ್ಳಲು ಹೇಳಿದಳು. ಅವಳಿಗೆ ಹೇಗೆಂದು ತಿಳಿಯಲಿಲ್ಲ. ಮೂವತ್ತು ವರ್ಷ ಅವಳು ಕೂತ ಗಾಡಿಯಲ್ಲಿ ಸೀಟಿನ ಬೆಲ್ಟೇ ಇರಲಿಲ್ಲ. ಹುಡುಗಿ ಪಕ್ಕಕ್ಕೆ ಬಾಗಿ, ಅವಳ ಭುಜದ ಮೇಲಿಂದ ಪಟ್ಟಿಯನ್ನು ಮೆಲ್ಲಗೆ ಎಳೆದು, ಸೆರಗು ಸಿಕ್ಕದಂತೆ ಸರಿಸಿ, ಸೊಂಟದ ಬಳಿ ಟಕ್ಕನೆ ಸಿಕ್ಕಿಸಿದಳು. ಮುಂದೆ ಅಧ್ಯಕ್ಷರು ಎಂಜಿನ್ ಚಾಲೂ ಇಟ್ಟುಕೊಂಡು, ಕತ್ತು ಹೊರಳಿಸಿ, ಕೊನೆಯ ಗಾಡಿಯನ್ನೇ ನೋಡುತ್ತ ಕಾದಿದ್ದರು.